ಹಳೆ ಫೋನು ಕೇಳಿದ ಹೊಸ ಪ್ರಶ್ನೆ

ಲಗ್ನಪತ್ರಿಕೆ ಕೈಗೆ ಬಂದರೆ ಬಹಳ ಜನ ಮುಹೂರ್ತ ನೋಡುತ್ತಾರೆ, ಊಟ ಎಲ್ಲಿ ಎಂದು ನೋಡುತ್ತಾರೆ, ಎತ್ತಿಟ್ಟುಬಿಡುತ್ತಾರೆ. ನಾನು ಕೆಳಗಿನ ಮೂಲೆಯಲ್ಲಿ ಇರುವೆಯ ಸಾಲಿನಂತೆ ಅಚ್ಚಾಗಿರುವ ಮುದ್ರಣಾಲಯದ ಹೆಸರನ್ನೂ ಬಿಡದೆ ಓದುವವನು. ಇದು ಮಾಸ್ತರಿಕೆಯ ಚಟವೋ ಹುಟ್ಟುಗುಣವೋ ತಿಳಿಯದು. ಫೋನಿನಲ್ಲಿ ‘ಹೊಸ ತಂತ್ರಾಂಶ ಬಂದಿದೆ, ಹಾಕಿಕೊಳ್ಳುತ್ತೀರಾ’ ಎಂಬ ಸೂಚನೆ ಬಂದಾಗಲೂ ಅಷ್ಟೇ. ಉಳಿದವರು ‘ಹೂಂ’ ಒತ್ತಿ ಮುಂದೆ ಹೋಗುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, ಈ ಸಲ ಏನೇನು ಕೊಟ್ಟಿದ್ದಾರೆ, ಅದರಲ್ಲಿ ನನ್ನ ಹಳೆಯ ಫೋನಿನ ಪಾಲಿಗೆ ಏನು ಬರುತ್ತದೆ ಎಂದು ಓದಲು ಕೂರುತ್ತೇನೆ.

ಹಾಗೆ ಓದುವವರಿಗೆ ಮಾತ್ರ ಕಾಣಿಸುವ ಒಂದು ನಕ್ಷತ್ರವಿದೆ. ಫೋನೇ ಭಾಷೆ ಅನುವಾದಿಸಿಕೊಡುತ್ತದೆ, ಚಿತ್ರದಲ್ಲಿ ಅಡ್ಡ ಬಂದವರನ್ನು ಅಳಿಸಿಹಾಕುತ್ತದೆ, ಉದ್ದನೆಯ ಸಂದೇಶದ ಸಾರಾಂಶ ಹೇಳುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಪ್ರತಿಯೊಂದರ ತಲೆಯ ಮೇಲೂ ಅದನ್ನು ಕೂರಿಸಿರುತ್ತಾರೆ. ಪುಟದ ತಳಕ್ಕೆ ಹೋದರೆ ಅಲ್ಲಿ ಅದರ ಅರ್ಥ ಸಿಗುತ್ತದೆ: ಎಲ್ಲ ಮಾದರಿಗಳಲ್ಲಿ ಲಭ್ಯವಿಲ್ಲ. ಹಳೆಯ ಮಾದರಿಗೆ ಸಾಮಾನ್ಯವಾಗಿ ಬರುವುದು ಹೊಸ ಬಣ್ಣದ ಪರದೆ, ಗುಂಡನೆಯ ಗುಂಡಿಗಳು, ಮುಖ ಸಿಂಡರಿಸಿದ ನಾಲ್ಕಾರು ಹೊಸ ಇಮೋಜಿಗಳು. ಕೆಲವಕ್ಕೆ ನಿಜವಾಗಿಯೂ ಹೊಸ ಚಿಪ್ ಬೇಕು, ವಿಜ್ಞಾನದ ಮಾಸ್ತರನಾಗಿ ಅದು ನನಗೆ ಅರ್ಥವಾಗುತ್ತದೆ. ಇನ್ನು ಕೆಲವನ್ನು ಯಾಕೆ ಕೊಡಲಿಲ್ಲ ಎಂಬುದು ಅವರಿಗೇ ಗೊತ್ತು. ಒಮ್ಮೊಮ್ಮೆ ಮಾತ್ರ ದೊಡ್ಡದೇ ಒಂದು ಸವಲತ್ತು ಯಾವ ನಕ್ಷತ್ರವೂ ಇಲ್ಲದೆ ಹಳೆಯ ಫೋನಿಗೂ ಬಂದುಬಿಡುತ್ತದೆ, ಆಗ ನನಗಾಗುವ ಹಿಗ್ಗನ್ನು ಮನೆಯವರಿಗೆ ವಿವರಿಸಲು ಹೋಗಿ ನಗೆಪಾಟಲಾಗಿದ್ದೇನೆ.

ಈ ಹಿಗ್ಗಿಗೆ ಜೊತೆಗಾರ ಎಂದರೆ ಕಲ್ಲೋಳಿಯ ನಮ್ಮ ಕಾಕಾ, ಅಪ್ಪನ ತಮ್ಮ. ನಾನಿರುವುದು ಗೋಕಾಕದಲ್ಲಿ. ನಾನು ಬಳಸಿ ಬಿಟ್ಟ ಫೋನು ಕಾಕಾನಿಗೆ ಹೋಗುವುದು ನಮ್ಮ ಮನೆತನದ ಪದ್ಧತಿ, ಆದ್ದರಿಂದ ಅವನದು ಯಾವಾಗಲೂ ನನ್ನದಕ್ಕಿಂತ ಹಳೆಯದು. ನಕ್ಷತ್ರದ ಸಂಗತಿ ಹೇಳಿದಾಗ ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಅವನ ಹೊಲ ಕಾಲುವೆಯ ತುತ್ತತುದಿಯಲ್ಲಿದೆ. ಮೇಲಿನವರು ಉಂಡು ತೇಗಿದ ಮೇಲೆ ಉಳಿದ ನೀರು ಅವನಿಗೆ, ಅದೂ ಉಳಿದರೆ. ಫೋನಿನ ಕಂಪನಿಯವರೂ ಕಾಲುವೆಯ ಪದ್ಧತಿಯನ್ನೇ ಇಟ್ಟುಕೊಂಡಿದ್ದಾರೆ ಎಂದು ಅವನು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟ. ತುದಿಯ ಹೊಲದವನ ಕುತೂಹಲ ಮೇಲಿನವರಿಗಿಂತ ಹೆಚ್ಚು, ಯಾಕೆಂದರೆ ಅವನಿಗೆ ಬಂದದ್ದೆಲ್ಲ ಲಾಭ.

ಹೀಗಾಗಿ ಒಂದು ಭಾನುವಾರ ಕಾಕಾ ಫೋನು ಹಿಡಿದು ನನ್ನ ಎದುರು ಕೂತ. ಹೊಸದು ಹಾಕಿಯಾಗಿತ್ತು. ಒಂದೊಂದನ್ನೇ ಪರೀಕ್ಷೆ ಮಾಡಿದೆವು. ಅನುವಾದ ಬರಲಿಲ್ಲ. ಚಿತ್ರದಲ್ಲಿ ಎಮ್ಮೆಯ ಹಿಂದೆ ನಿಂತಿದ್ದ ಪಕ್ಕದ ಮನೆಯವನನ್ನು ಅಳಿಸಲು ನೋಡಿದೆವು, ಅವನು ಕದಲಲಿಲ್ಲ. ಕಾಕಾನ ಮುಖ ಸಣ್ಣದಾಗುತ್ತ ಬಂದಿತ್ತು. ಆಗ ಸಿಕ್ಕಿತು ಆ ಸವಲತ್ತು: ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂದರೆ ಫೋನು ಸದ್ದು ಮಾಡದೆ ತಾನೇ ಎತ್ತಿಕೊಂಡು, ನೀವು ಯಾರು, ಯಾಕೆ ಕರೆ ಮಾಡಿದ್ದೀರಿ ಎಂದು ಒಬ್ಬ ಹೆಣ್ಣುಮಗಳ ದನಿಯಲ್ಲಿ ಕೇಳುತ್ತದೆ. ಹೇಳಿದರೆ ಎತ್ತುವುದು ಬಿಡುವುದು ಯಜಮಾನರ ಇಷ್ಟ, ಹೇಳದಿದ್ದರೆ ಕರೆ ಬಂದ ಸುದ್ದಿಯೂ ಅವರಿಗೆ ತಿಳಿಯದು. ಕನ್ನಡ ಅದಕ್ಕೆ ಇನ್ನೂ ಬರುತ್ತಿರಲಿಲ್ಲ, ಹಿಂದಿಯಲ್ಲಿ ಕೇಳುತ್ತಿತ್ತು. ಸಾಲ ಕೊಡುತ್ತೇವೆ, ಪ್ಲಾಟು ಕೊಡುತ್ತೇವೆ ಎನ್ನುವವರ ಕಾಟದಲ್ಲಿ ಬೇಸತ್ತಿದ್ದ ಕಾಕಾನಿಗೆ ನೆಲವೇ ಕಾಣದಷ್ಟು ಖುಷಿ. ಮನೆಯ ಬಾಗಿಲಿಗೆ ಕಾವಲುಗಾರ್ತಿಯನ್ನು ಇಟ್ಟಷ್ಟು ಠೀವಿಯಿಂದ ಅಂಗಿಯ ಕಿಸೆಗೆ ಫೋನು ಇಳಿಸಿಕೊಂಡು ಹೋದ.

ಅದೇ ಸುಮಾರಿಗೆ ಕಾಕಾನ ಮಗಳು ಸವಿತಾಳನ್ನು ನೋಡಲು ದಡ್ಡಿ ಎಂಬ ಊರಿನಿಂದ ಜನ ಬಂದುಹೋಗಿದ್ದರು. ಸವಿತಾ ಮೂಡಲಗಿಯ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಹುಕ್ಕೇರಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅವಲಕ್ಕಿ, ಚಹಾ, ಮಳೆ-ಬೆಳೆಯ ಮಾತು ಎಲ್ಲ ಚೆನ್ನಾಗಿಯೇ ನಡೆದು, ಹುಡುಗನ ತಂದೆ ಸತ್ಯಪ್ಪನವರು ಏಳುವಾಗ ‘ಫೋನ್ ಮಾಡ್ತೇವ್ರಿ’ ಎಂದು ಹೇಳಿ ಹೋಗಿದ್ದರು. ಈ ಮಾತಿಗೆ ನಮ್ಮಲ್ಲಿ ತೂಕವಿದೆ. ಒಪ್ಪಿಗೆಯಾದರೆ ಗಂಡಿನವರು ಫೋನ್ ಮಾಡುತ್ತಾರೆ, ಆಗದಿದ್ದರೆ ಮಾಡುವುದಿಲ್ಲ. ಇಲ್ಲ ಎಂಬ ಮಾತನ್ನು ಯಾರ ಬಾಯಿಂದಲೂ ಆಡಿಸಬಾರದೆಂದು ಹಿರಿಯರು ಮಾಡಿಟ್ಟ ನಾಜೂಕಿನ ಏರ್ಪಾಡು ಇದು. ಹೆಣ್ಣಿನವರು ತಾವಾಗಿ ಫೋನ್ ಮಾಡಿ ಏನಾಯಿತು ಎಂದು ಕೇಳುವಂತಿಲ್ಲ.

ಫೋನು ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ಕಳೆಯಿತು. ಕಾಕಾ ಬೇರೆ ಕಡೆ ನೋಡುವ ಮಾತು ತೆಗೆಯತೊಡಗಿದ. ನಾನು ಕಲ್ಲೋಳಿಗೆ ಹೋದಾಗ ಸವಿತಾ ನನ್ನನ್ನು ಬಸ್ಸಿಗೆ ಬಿಡುವ ನೆಪದಲ್ಲಿ ಸ್ಕೂಟಿ ತೆಗೆದಳು. ನಿಲ್ದಾಣದಲ್ಲಿ ಇಳಿಸಿದ ಮೇಲೂ ಹೊರಡಲಿಲ್ಲ.

“ಅಣ್ಣಾ, ನನಗ ಆ ಮನಿ ಮನಸಿಗೆ ಬಂದಿತ್ತು,” ಎಂದಳು. “ಬ್ಯಾರೆ ಕಡೆ ನೋಡೂದು ಸ್ವಲ್ಪ ತಡದು ನೋಡ್ರಿ ಅಂತ ಅಪ್ಪಾಗ ಹೇಳು. ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ.”

ಸ್ಕೂಟಿಯ ಕನ್ನಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದಳು. ಚಿಕ್ಕಂದಿನಿಂದ ಏನನ್ನೂ ಬೇಕು ಎಂದು ಕೇಳದ ಹುಡುಗಿ ಅದು. ನನಗೆ ಬಹಳ ಕೆಡುಕೆನಿಸಿತು. ಯಾರಿಗೆ ಏನು ಹೇಳುವುದು ಎಂದು ತಿಳಿಯದೆ ಬಸ್ಸು ಹತ್ತಿದೆ.

ಮಾರನೆಯ ದಿನ ನನ್ನ ಫೋನು ಸತ್ತಿತ್ತು. ಶಾಲೆಯಲ್ಲಿ ಗಣಿತದ ಮಾಸ್ತರರ ಫೋನು ಇಸಿದುಕೊಂಡು ಕಾಕಾನಿಗೆ ಕರೆ ಹಚ್ಚಿದೆ. ಎತ್ತಿದ್ದು ಆ ಹೆಣ್ಣುಮಗಳು. ಅತ್ಯಂತ ಮರ್ಯಾದೆಯಿಂದ, ತಾವು ಯಾರು, ಕರೆಯ ಉದ್ದೇಶವೇನು ಎಂದು ಹಿಂದಿಯಲ್ಲಿ ಕೇಳಿದಳು. ಯಾರು ಎಂದರೆ ನಮ್ಮ ಕಡೆ ಒಂದೇ ಉತ್ತರ: ‘ನಾ ರೀ.’ ದನಿಯಿಂದ ಗುರುತು ಸಿಗದವರು ನಮ್ಮವರೇ ಅಲ್ಲ. ಅಭ್ಯಾಸಬಲದಿಂದ ‘ನಾನ, ಕಾಕಾ’ ಎಂದೆ. ಅವಳು ಸುಮ್ಮನೆ ಕಾದಳು. ಉದ್ದೇಶ ಹೇಳಬೇಕಿತ್ತು. ನನಗೆ ಹೊಳೆಯಲೇ ಇಲ್ಲ.

ನೀವೇ ಯೋಚಿಸಿ ನೋಡಿ. ನಾವು ಯಾವಾಗ ಉದ್ದೇಶ ಹೇಳಿ ಮಾತು ಶುರು ಮಾಡಿದ್ದೇವೆ? ಊಟ ಆಯಿತೇ ಎಂದು ಆರಂಭವಾಗಿ, ಮಳೆ, ಎಮ್ಮೆ, ಯಾರದೋ ಮೊಣಕಾಲು ಎಲ್ಲ ಮುಗಿದು, ‘ಮತ್ತ… ಇಡ್ಲೇನು?’ ಎಂದಾದ ಮೇಲೆ, ಇಡುವ ಹೊತ್ತಿನಲ್ಲಿ ‘ಹಾಂ, ಅಂದಂಗ…’ ಎಂದು ಹೊರಬರುವುದೇ ಉದ್ದೇಶ. ಕಾಗದ ಬರೆಯುವ ಕಾಲದಲ್ಲೂ ಹೀಗೆಯೇ ಇತ್ತು. ಅರ್ಧ ಕಾಗದ ಎಲ್ಲರ ಕ್ಷೇಮಕ್ಕೆ ಹೋಗಿ, ಬರೆಯಬೇಕಾದದ್ದು ಅಂಚಿನಲ್ಲಿ ಅಡ್ಡಲಾಗಿ ಬರುತ್ತಿತ್ತು. ನೇರವಾಗಿ ವಿಷಯಕ್ಕೆ ಬರುವುದು ವಸೂಲಿಗೆ ಬಂದವರ ಲಕ್ಷಣ. ಇನ್ನು ಬೀಗರಾಗುವವರಿಗೆ ಯಾರು, ಯಾಕೆ ಎಂದು ಕೇಳಿದರೆ ಎದ್ದು ಹೋಗಿ ಎಂದ ಹಾಗೆಯೇ. ಇಷ್ಟು ಯೋಚನೆ ಬರುವಷ್ಟರಲ್ಲಿ ಕರೆ ಕಡಿದಿತ್ತು.

ಸಂಜೆ ಕಲ್ಲೋಳಿಗೆ ಓಡಿದೆ. ದಡ್ಡಿಯವರ ಸಂಖ್ಯೆಯನ್ನು ಹೆಸರು ಹಾಕಿ ಇಟ್ಟುಕೊಂಡಿದ್ದೀಯಾ ಎಂದು ಕಾಕಾನನ್ನು ಕೇಳಿದೆ. ಅವನು ನನ್ನನ್ನು ಎಳೆಗರುವನ್ನು ನೋಡುವಂತೆ ನೋಡಿದ.

“ಮಾತು ಪಕ್ಕಾ ಆಗೂಕಿಂತ ಮೊದಲ ಬೀಗರು ಅಂತ ಹೆಸರು ಹಾಕ್ತಾರೇನೋ ಮಾಸ್ತರ? ದೃಷ್ಟಿ ಆಗೂದಿಲ್ಲ?”

ಅಂದರೆ ಫೋನಿನ ಲೆಕ್ಕದಲ್ಲಿ ದಡ್ಡಿಯ ಸತ್ಯಪ್ಪನವರೂ ಪ್ಲಾಟು ಮಾರುವವರೂ ಒಂದೇ. ಇಂಥ ಸವಲತ್ತು ಮಾಡಿದವರು ಎಷ್ಟೋ ಬಗೆಯ ಮಾದರಿಗಳಲ್ಲಿ ಅದನ್ನು ಪರೀಕ್ಷಿಸಿರಬಹುದು. ಹೆಸರು ಹಾಕಿದರೆ ಲಗ್ನ ಮುರಿಯುತ್ತದೆಂದು ಹೆದರುವ ಹೆಣ್ಣಿನ ತಂದೆಯ ಫೋನು ಅವರ ಪರೀಕ್ಷೆಗೆ ಸಿಕ್ಕಿರಲಿಕ್ಕಿಲ್ಲ. ವಿಷಯ ತಿಳಿದ ಕಾಕಾ ಫೋನನ್ನು ಕಿಸೆಯಿಂದ ತೆಗೆದು ದೂರ ಇಟ್ಟ. ಫೋನ್ ಮಾಡಿ ಹೇಳೋಣವೆಂದರೆ ಹೆಣ್ಣಿನವರು ಮಾಡುವಂತಿಲ್ಲ. ಆದರೆ ಮನೆಗೆ ಹೋಗಬಾರದೆಂದು ಎಲ್ಲಿಯೂ ಇಲ್ಲ ಎಂಬ ಸಂದು ಹುಡುಕಿದ್ದು ಅವನೇ.

ಬೆಳಿಗ್ಗೆ ಕರದಂಟಿನ ಪೊಟ್ಟಣ ಹಿಡಿದು, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ದಡ್ಡಿಗೆ ಹೋದೆವು. ಸತ್ಯಪ್ಪನವರು ಬರ್ರಿ ಎಂದರು, ನೀರು ಕೊಟ್ಟರು, ಕಂಬಳಿ ಹಾಸಿ ಕೂರಿಸಿದರು. ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ, ನಗು ಮಾತ್ರ ಇರಲಿಲ್ಲ. ಮಳೆ-ಬೆಳೆ ಮುಗಿದ ಮೇಲೆ ಅವರೇ ವಿಷಯ ತೆಗೆದರು. ಮೂರು ಸಲ ಫೋನ್ ಮಾಡಿದ್ದರಂತೆ. ಮೂರು ಸಲವೂ ಒಬ್ಬಳು ಹಿಂದಿ ಹೆಂಗಸು ಎತ್ತಿ ಯಾರು, ಏನು ಕೆಲಸ ಎಂದು ಕೇಳಿದಳಂತೆ. ಮನೆಯಲ್ಲಿ ಹಿಂದಿ ಸೆಕ್ರೆಟರಿ ಇಟ್ಟ ದೊಡ್ಡವರಿಗೆ ನಮ್ಮ ಮನೆ ಸರಿಹೋಗಲಿಕ್ಕಿಲ್ಲ, ಇಲ್ಲ ಎಂದು ಹೇಳಲು ಅವರು ಕಂಡುಕೊಂಡ ದಾರಿ ಇದಿರಬೇಕು ಎಂದು ಮನೆಮಂದಿಯೆಲ್ಲ ತಿಳಿದರಂತೆ.

ನಾನು ನಕ್ಷತ್ರದಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಪಾಠ ಮಾಡುವುದು ನನ್ನ ಹೊಟ್ಟೆಪಾಡು, ಆದರೆ ಅಷ್ಟು ಕೆಟ್ಟದಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ. ಫೋನು ತಾನೇ ಮಾತಾಡುತ್ತದೆ ಎಂಬುದನ್ನು ಅವರು ನಂಬಲಿಲ್ಲ. ಹುಡುಗ ಅಂಗಡಿಗೆ ಹೋಗದೆ ಬಾಗಿಲ ಬಳಿ ನಿಂತಿದ್ದ. ಅವನ ಮುಖದಲ್ಲೂ ಸ್ಕೂಟಿಯ ಕನ್ನಡಿ ತಿರುಗಿಸುತ್ತಿದ್ದ ಸವಿತಾಳ ಕಳೆಯೇ ಇತ್ತು. ಇಲ್ಲಿಯೇ ಹಚ್ಚಿ ನೋಡೋಣವಲ್ಲ ಎಂದು ಸೂಚಿಸಿದವನು ಅವನೇ. ಕಾಕಾ ತನ್ನ ಫೋನನ್ನು ಕಂಬಳಿಯ ಮೇಲಿಟ್ಟ. ಸತ್ಯಪ್ಪನವರು ತಮ್ಮದರ ಸ್ಪೀಕರ್ ಒತ್ತಿ ಹಚ್ಚಿದರು.

ಹೆಣ್ಣುದನಿ ಬಂತು. ಯಾರು, ಯಾಕೆ ಎಂದು ಕೇಳಿತು. ಒಳಗಿನಿಂದ ಹೆಂಗಸರ ನಗು ಕೇಳಿಸಿತು, ಸತ್ಯಪ್ಪನವರೂ ನಕ್ಕರು. ಕಾಕಾ ಫೋನು ಎತ್ತಿಕೊಂಡು ಕರೆ ಕಡಿಯಲು ಬೆರಳು ಮುಂದೆ ಮಾಡಿದ. ಅಷ್ಟರಲ್ಲಿ ಸತ್ಯಪ್ಪನವರು ಕೈ ಎತ್ತಿ ಅವನನ್ನು ತಡೆದರು. ತಲೆಯ ಪಟಕಾ ಸರಿಮಾಡಿಕೊಂಡರು. ಎದುರಿಗೇ ಕೂತ ಕಾಕಾನನ್ನು ನೋಡದೆ ಫೋನಿನ ಕಡೆಗೆ ಬಾಗಿದರು. ಹೆಣ್ಣು ನೋಡಿ ಹೋದ ದಿನದಿಂದ ಎರಡೂ ಮನೆಯವರು ಸುತ್ತಿ ಬಳಸಿ ಆಡಿದ್ದ ಮಾತನ್ನು, ಕೇಳಿದವಳು ಯಂತ್ರವೆಂದು ಗೊತ್ತಿದ್ದೂ, ನಿಧಾನವಾಗಿ ಬಾಯಿ ಬಿಟ್ಟು ಹೇಳಿದರು.

“ನಾ ದಡ್ಡಿ ಸತ್ಯಪ್ಪ. ನಿಮ್ಮ ಸವಿತಾನ್ನ ನಮ್ಮ ಮನಿಗೆ ಸೊಸಿ ಮಾಡಿ ಕೊಡ್ರಿ ಅಂತ ಕೇಳಾಕ ಫೋನ್ ಮಾಡೇನಿ.”

ಕಾಕಾ ನನ್ನ ಮುಖ ನೋಡಿದ. ಬಸ್‌ನಿಲ್ದಾಣದ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ, ಆದರೆ ಈಗ ಹೂಂ ಎಂದು ತಲೆಯಾಡಿಸಿದೆ, ಅವನಿಗೆ ಅರ್ಥವಾಯಿತು. ಹಸಿರು ಗುಂಡಿ ಒತ್ತಿ, ಕೈಯಳತೆಯಲ್ಲೇ ಇದ್ದ ಬೀಗರಿಗೆ ಕೊಡಬೇಕಾದ ಉತ್ತರವನ್ನು ಕಿವಿಗೆ ಫೋನು ಹಿಡಿದೇ ಕೊಟ್ಟ.

“ಕೊಟ್ಟೇನ್ರಿ.”

ಆ ಮಾತು ನಮಗೆಲ್ಲ ಕೇಳಿಸಿತು. ಹಳೆಯ ಫೋನು, ಹಳ್ಳಿಯ ಸಿಗ್ನಲ್ಲು, ಒಂದು ಉಸಿರಿನಷ್ಟು ತಡವಾಗಿ ಅದೇ ಮಾತು ಸತ್ಯಪ್ಪನವರ ಕೈಯಲ್ಲಿದ್ದ ಫೋನಿನಿಂದಲೂ ಬಂತು. ಎರಡನೆಯ ಸಲ ಬರುವಷ್ಟರಲ್ಲಿ ಕಾಕಾ ಅಳುತ್ತಿದ್ದ.