ಅಡುಗೆಮನೆ ಕಿಟಕಿಯ ರೂಟರ್

ಕೊಡಿಗೇನಹಳ್ಳಿಯ ನಮ್ಮ ಬೀದಿಗೆ ಗಂಗಾಲಕ್ಷ್ಮಕ್ಕನ ವೈಫೈ ರೂಟರ್ ಬೀದಿ ನಲ್ಲಿ ಇದ್ದ ಹಾಗೆ. ಯಾರು ಬೇಕಾದರೂ ತುಂಬಿಕೊಳ್ಳಬಹುದು. ಅದರ ಬೆನ್ನಿಗೊಂದು ಪೆನ್‌ಡ್ರೈವ್ ಚುಚ್ಚಿ, ಎಲ್ಲರ ಮನೆಯ ಮದುವೆ ಫೋಟೊ, ಭಜನೆ, ಹಸು ಈದ ವಿಡಿಯೊ ತುಂಬಿಸಿದ್ದಾಳೆ. ಪಾಸ್‌ವರ್ಡ್ ಗೊತ್ತಿಲ್ಲದಿರುವುದು ಬೀದಿನಾಯಿಗಳಿಗೆ ಮಾತ್ರ. "ನೋಡ್ಕಳಿ, ಇಳಿಸ್ಕಳಿ, ಅಳಿಸಿದ್ರೆ ಮಾತ್ರ ಕೈ ಮುರೀತೀನಿ" ಅನ್ನುವುದು ಆಕೆಯ ಕಾನೂನು. ರೂಟರ್ ಬಿಸಿಯಾದರೆ ಮಗುವಿನ ಹಣೆಯಂತೆ ಮುಟ್ಟಿ ನೋಡಿ ಬೀಸಣಿಗೆ ಬೀಸುತ್ತಾಳೆ. ಆದರೆ ಅದನ್ನಿಟ್ಟಿರುವುದು ಅಡುಗೆಮನೆ ಕಿಟಕಿಯಲ್ಲಿ. ನಡುಮನೆಯ ಅವಳ ಟಿವಿಗೇ ಸಿಗ್ನಲ್ ಸಿಗದು. ಕಿಟಕಿಯಾಚೆ, ಆಸ್ತಿ ಭಾಗವಾದಾಗಿನಿಂದ ಮಾತು ಬಿಟ್ಟ ವಾರಗಿತ್ತಿ ಕೊಲ್ಲಾಪುರಮ್ಮನ ಮನೆ. ಮೊನ್ನೆ ಗಂಗಾಲಕ್ಷ್ಮಕ್ಕನ ಮೊಮ್ಮಗಳ ನಾಮಕರಣದ ಫೋಟೊ ಟಿವಿಯಲ್ಲಿ ತೆರೆಯದಿದ್ದಾಗ, "ರೂಟರ್ ಈಚೆ ತರಲಾ ಅಕ್ಕಾ?" ಅಂದೆ. "ಅಲ್ಲೇ ಇರ್ಲಿ ಬುಡಮ್ಮ. ನಾಮಕರಣಕ್ಕೆ ಅವ್ಳನ್ನ ಕರ್ಯಕ್ಕೆ ನಂಗೆ ಬಾಯಿ ಬರ್ಲಿಲ್ಲ. ಮಗೀನ ಮುಖನಾದ್ರೂ ನೋಡ್ಲಿ."