ಹೆಬ್ಬೆರಳಿನ ಫಾಸ್ಫೇಟ್

ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಪ್ರಯೋಗಾಲಯ ನನ್ನ ಸುಪರ್ದಿನಲ್ಲಿತ್ತು. ಸುಪರ್ದು ಅಂದರೆ ಹತ್ತಡಿ ಉದ್ದದ ಕೋಣೆ, ಒಂದು ಸೂಕ್ಷ್ಮದರ್ಶಕ, ರಕ್ತದ ಟ್ಯೂಬುಗಳನ್ನು ಗಿರ್ರನೆ ತಿರುಗಿಸುವ ಒಂದು ಯಂತ್ರ, ಬಣ್ಣದ ಗಾಢತೆ ಅಳೆಯುವ ಒಂದು ಕಲರಿಮೀಟರ್, ಮತ್ತು ಇಷ್ಟಕ್ಕೆಲ್ಲ ಮುಖ್ಯಸ್ಥನೂ ಏಕೈಕ ಸಿಬ್ಬಂದಿಯೂ ಆದ ನಾನು. ಈ ಸಂಸ್ಥಾನಕ್ಕೆ ಬರುವ ಮೊದಲು ಇನ್ನೊಂದು ಸಂಸ್ಥಾನದ ರಾಜ್ಯಭಾರ ಮುಗಿಸಬೇಕಿತ್ತು. ಅದು ಹನಗೋಡು ನಾಲೆಯ ಬಯಲಿನಲ್ಲಿದ್ದ ನಮ್ಮ ಒಂದೂವರೆ ಎಕರೆ ಗದ್ದೆ. ನಾಟಿ ಕಾಲದಲ್ಲಿ ಬೆಳಿಗ್ಗೆ ಆರಕ್ಕೆ ಕೆಸರಿಗಿಳಿದು, ಎಂಟೂವರೆಗೆ ಸೋಪು ಹಚ್ಚಿ ಕೈಕಾಲು ತೊಳೆದು, ಒಂಬತ್ತೂವರೆಗೆ ಬಿಳಿ ಕೋಟಿನಲ್ಲಿ ಪ್ರತ್ಯಕ್ಷನಾಗುತ್ತಿದ್ದೆ.

ಆ ವರ್ಷ ನಮ್ಮಲ್ಲಿಗೆ ಒಬ್ಬ ಹೊಸ ಡಾಕ್ಟರಮ್ಮ ಬಂದರು. ವಯಸ್ಸು ಚಿಕ್ಕದು, ಓದು ದೊಡ್ಡದು. ಬಂದ ವಾರವೇ ಫಾಸ್ಫೇಟ್ ಪರೀಕ್ಷೆ ಕೇಳತೊಡಗಿದರು. ತಾಲ್ಲೂಕು ಊರಿನಲ್ಲಿ ಸಕ್ಕರೆ ಕೇಳುತ್ತಾರೆ, ಯೂರಿಯಾ ಕೇಳುತ್ತಾರೆ. ಫಾಸ್ಫೇಟನ್ನು ಯಾರೂ ಕೇಳಿದ್ದಿಲ್ಲ.

"ಬ್ಯಾಕ್ಟೀರಿಯಾ ರಕ್ತಕ್ಕೇ ಇಳಿದವರಲ್ಲಿ ಫಾಸ್ಫೇಟ್ ಎಷ್ಟೋ ಸಲ ಕುಸಿದುಬಿಡುತ್ತೆ," ಎಂದರು. "ಕುಸಿದರೆ ಮಾಂಸಖಂಡಕ್ಕೆ ಶಕ್ತಿ ಇರಲ್ಲ. ಉಸಿರಾಡೋದೂ ಮಾಂಸಖಂಡಾನೇ ಅಲ್ವೇನ್ರೀ?"

ಅಲ್ಲ ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ರಾಸಾಯನಿಕಗಳನ್ನು ತರಿಸಿ ಪರೀಕ್ಷೆ ಶುರುಮಾಡಿದೆ. ರಕ್ತದ ತಿಳಿಗೆ ನೀರು ಬೆರೆಸಿ, ಒಂದೆರಡು ದ್ರಾವಣ ಹಾಕಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು. ನೀರು ಬೆರೆಸಿದ ಮೇಲೆ ಟ್ಯೂಬಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ತಲೆಕೆಳಗು ಮಾಡಿ ಕುಲುಕುವುದು ನನ್ನ ಪದ್ಧತಿ. ನನ್ನ ಗುರುಗಳೂ ಹೀಗೇ ಮಾಡುತ್ತಿದ್ದರು. ಅದಕ್ಕೆಂದೇ ರಬ್ಬರ್ ಬಿರಡೆಗಳು ಡ್ರಾಯರಿನಲ್ಲಿದ್ದವು. ಬೆರಳಿಲ್ಲದವರಿಗಾಗಿ ಮಾಡಿದ ವಸ್ತುವೆಂದು ಅವನ್ನು ನಾನು ಗೌರವದಿಂದ ದೂರವಿಟ್ಟಿದ್ದೆ.

ನಾಟಿಯ ಮುಂಚಿನ ಗೊಬ್ಬರ ಹಾಕುತ್ತಿದ್ದ ಅದೇ ವಾರ ರಾವಂದೂರು ಕಡೆಯ ಒಬ್ಬ ಹೆಂಗಸನ್ನು ಕರೆತಂದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಕಾಲಿಗೆ ಮೊಳೆ ಹೊಕ್ಕು, ಅದನ್ನು ಆಕೆ ಲೆಕ್ಕಕ್ಕೇ ಇಟ್ಟುಕೊಳ್ಳದೆ ಸೊಪ್ಪು ಪೋಣಿಸುತ್ತ ಕೂತು, ನಂಜು ರಕ್ತಕ್ಕೇರಿತ್ತು. ಚುಚ್ಚುಮದ್ದಿಗೆ ಜ್ವರ ಇಳಿಯಿತು. ಆದರೆ ನಾಲ್ಕನೆಯ ದಿನ ಆಕೆಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಉಸಿರು ಮೇಲೆಮೇಲೆ ಆಡತೊಡಗಿತು.

"ಫಾಸ್ಫೇಟೇ ಇರಬೇಕು," ಎಂದರು ಡಾಕ್ಟರಮ್ಮ.

ನಾನು ಪರೀಕ್ಷೆ ಮಾಡಿ ವರದಿ ಕೊಟ್ಟೆ: ಮೂರು ಪಾಯಿಂಟ್ ಒಂಬತ್ತು. ಆರೋಗ್ಯವಂತರಿಗಿರುವಷ್ಟೇ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮಾಡಿಸಿದರು. ನಾಲ್ಕು ಪಾಯಿಂಟ್ ಆರು. ನನ್ನ ಕೈಯಲ್ಲಿ ರೋಗಿ ಗಂಟೆಗಂಟೆಗೂ ಚೇತರಿಸಿಕೊಳ್ಳುತ್ತಿದ್ದಳು. ಮಂಚದ ಮೇಲೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಸರಿಯಾಗಿರೋರಿಗೆ ಫಾಸ್ಫೇಟ್ ಏರಿಸಿದ್ರೆ ಅದೂ ಅಪಾಯ," ಎಂದರು ಅವರು. "ನಿಮ್ಮ ವರದಿ ನಂಬ್ತೀನಿ. ಕಾರಣ ಬೇರೆ ಏನೋ ಇದೆ. ಸಂಜೆಯೊಳಗೆ ಮೈಸೂರಿಗೆ ಸಾಗಿಸೋಣ, ಉಸಿರಿನ ಯಂತ್ರ ಇರೋ ಕಡೆ." ಅಷ್ಟು ದೂರ ಆ ಉಸಿರು ತಾಳೀತೇ ಎಂಬ ಅನುಮಾನ ಅವರ ಮುಖದಲ್ಲಿತ್ತು.

ಮೈಸೂರಿಗೆ ಒಯ್ಯಲು ವರದಿಯ ಪ್ರತಿ ಬೇಕೆಂದು ಆಕೆಯ ಗಂಡ ನನ್ನ ಕೋಣೆಗೆ ಬಂದ. ಐವತ್ತರ ಆಸುಪಾಸಿನ ರೈತ. ಸೊಪ್ಪಿನ ಅಂಟು ಹತ್ತಿ ಎರಡೂ ಅಂಗೈ ಕಪ್ಪಗಿದ್ದವು. ನಾನು ಬರೆಯುತ್ತಿದ್ದಾಗ ಅವನು ಕಾಗದ ನೋಡಲಿಲ್ಲ, ನನ್ನ ಕೈ ನೋಡಿದ.

"ಗೊಬ್ಬರ ಎರಚ್ಕಂಡ್ ಬಂದ್ರಾ ಸಾ?"

"ನಿಮಗೆ ಹೇಗೆ ಗೊತ್ತಾಯ್ತು ಯಜಮಾನ್ರೇ?"

"ಎಬ್ಬೆರಳ್ ಉಗುರಿನ ಸಂದೀಲಿ ಡಿಎಪಿ ಅಂಗೇ ಕೂತದಲ್ಲಾ! ಎಷ್ಟ್ ತೊಳುದ್ರೂ ಒಂದಿನ ಬುಡಕಿಲ್ಲ ಕಣ್ರೀ ಅದು. ನಂಗೂ ಅಂಗೇಯ."

"ಬೆಳಿಗ್ಗೆ ಎರಡು ಮಡಿಗೆ ಹಾಕಿದೆ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಒಳ್ಳೇದಾಯ್ತು ಬುಡಿ. ಬೇರು ಇಡ್ಕಳಕ್ಕೆ ರಂಜಕ ಬೇಕೇ ಬೇಕು," ಎಂದು ಅವನು ಮರ್ಯಾದೆಗೆ ಹೇಳಿದ.

ಪೆನ್ನು ನಿಂತಿತು. ರಂಜಕವೆಂದರೆ ಫಾಸ್ಫರಸ್, ಡಿಎಪಿ ಗೊಬ್ಬರದಲ್ಲಿ ಅದು ಇರುವುದೇ ಫಾಸ್ಫೇಟಾಗಿ. ನಾನು ಬೆಳಗಿನ ಹೊತ್ತು ಗದ್ದೆಗೆ ಎರಚಿದ್ದು ಏನನ್ನೋ, ಹಗಲಿನಲ್ಲಿ ಆ ಹೆಂಗಸಿನ ರಕ್ತದಲ್ಲಿ ಹುಡುಕುತ್ತಿದ್ದುದೂ ಅದನ್ನೇ. ಆ ಎರಡರ ನಡುವೆ ಇದ್ದದ್ದು ನನ್ನ ಹೆಬ್ಬೆರಳು.

ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಎರಡು ಟ್ಯೂಬಿನಲ್ಲಿ ಬರೀ ಬಟ್ಟಿ ಇಳಿಸಿದ ನೀರು ತೆಗೆದುಕೊಂಡೆ. ಒಂದಕ್ಕೆ ಬಿರಡೆ, ಇನ್ನೊಂದಕ್ಕೆ ಪರಂಪರಾಗತ ಹೆಬ್ಬೆರಳು. ಎರಡನ್ನೂ ಕುಲುಕಿ ದ್ರಾವಣ ಹಾಕಿದೆ. ಬಿರಡೆಯ ನೀರು ನೀರಾಗಿಯೇ ಉಳಿಯಿತು. ಹೆಬ್ಬೆರಳಿನ ನೀರು ನೀಲಿಗಟ್ಟಿತು. ಕಲರಿಮೀಟರಿಗಿಟ್ಟೆ. ಆ ನೀರಿನ ಫಾಸ್ಫೇಟ್ ಮೂರರ ಹತ್ತಿರವಿತ್ತು. ಮನುಷ್ಯನಾಗಿದ್ದರೆ ಅದನ್ನು ಅಂದೇ ಮನೆಗೆ ಕಳಿಸಬಹುದಿತ್ತು.

"ಏನಾಯ್ತು ಸಾ?" ಎಂದ ಅವನು.

"ವರದಿ ತಪ್ಪಾಗಿದೆ. ತಪ್ಪು ನನ್ನದು," ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ನಾನು ಅದುವರೆಗೆ ಆ ಕೋಣೆಯಲ್ಲಿ ಆಡಿದ್ದಿಲ್ಲ.

ಎರಡೂ ಟ್ಯೂಬನ್ನು ಹಿಡಿದು ವಾರ್ಡಿಗೆ ಓಡಿದೆ. ನಡೆದದ್ದನ್ನು ಹೇಳಿದೆ. ಡಾಕ್ಟರಮ್ಮ ಟ್ಯೂಬನ್ನೊಮ್ಮೆ, ಬೆರಳನ್ನೊಮ್ಮೆ ನೋಡಿದರು.

"ಎಷ್ಟು ದಿನದಿಂದ ಗೊಬ್ಬರ ಹಾಕ್ತಿದ್ದೀರಿ?"

"ಮೂರು ದಿನ ಮೇಡಂ."

"ಹಾಗಾದ್ರೆ ಮೂರು ದಿನದ ಫಾಸ್ಫೇಟ್ ವರದಿ ಎಲ್ಲ ವಾಪಸ್ ತಗೊಳ್ಳಿ. ಮೊದಲು ಇವರದ್ದು. ಬೇಗ."

ನರ್ಸಮ್ಮ ಹೊಸದಾಗಿ ರಕ್ತ ತೆಗೆದರು. ನಾನು ಕೈಗವಸು ತೊಟ್ಟು, ಡ್ರಾಯರಿನ ಬಿರಡೆಗಳಲ್ಲಿ ಒಂದನ್ನು ತೊಳೆದು ಪರೀಕ್ಷೆಗೆ ಕೂತೆ. ಕಾದರೂ ನೀಲಿ ಏರಲಿಲ್ಲ. ಬಟ್ಟೆ ಅದ್ದಿ ತೆಗೆದ ಕೊನೆಯ ನೀಲಿನೀರಿನಷ್ಟು ತೆಳುವಾಗಿ ನಿಂತಿತು. ಒಂದು ಪಾಯಿಂಟ್ ಒಂದು. ಡಾಕ್ಟರಮ್ಮ ಅಂದುಕೊಂಡದ್ದಕ್ಕಿಂತಲೂ ಕೆಳಗೆ.

ಏರಿಸುವ ಫಾಸ್ಫೇಟ್ ಔಷಧ ಡಾಕ್ಟರಮ್ಮನ ಬೀರುವಿನಲ್ಲೇ ಇತ್ತು. ಡ್ರಿಪ್ಪಿಗೆ ಸೇರಿಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ನಿಧಾನವಾಗಿ ಬಿಟ್ಟರು. ಮೈಸೂರಿಗೆಂದು ಗೊತ್ತು ಮಾಡಿದ್ದ ಕಾರು ಗೇಟಿನಲ್ಲಿ ನಿಂತೇ ಇತ್ತು. ಆ ಹೊತ್ತಿಗೆ ನಾನು ಉಳಿದ ಮೂವರು ರೋಗಿಗಳ ಮಂಚದ ಬಳಿ ಹೋಗಿ, ಕೊಟ್ಟ ವರದಿಯನ್ನು ಕೈಚಾಚಿ ವಾಪಸು ಬೇಡಿ, ಮತ್ತೆ ರಕ್ತ ಕೇಳುವ ಕೆಲಸದಲ್ಲಿದ್ದೆ. "ನಿನ್ನೆ ಕೊಟ್ಟಿದ್ದು ಕುಡ್ದುಬುಟ್ರಾ?" ಎಂದು ಒಬ್ಬ ಅಜ್ಜ ಕೇಳಿದ. ನಾನು ಅವನ ಹೆಸರು ಬರೆದ ಹೊಸ ಟ್ಯೂಬನ್ನು ನರ್ಸಮ್ಮನ ಕೈಗಿತ್ತೆ.

ಸಂಜೆ ಐದರ ಹೊತ್ತಿಗೆ ಆಕೆಯ ಉಸಿರು ಆಳಕ್ಕಿಳಿಯಿತು. ಡಾಕ್ಟರಮ್ಮ ತಾವೇ ಹೊರಗೆ ಬಂದು ಕಾರನ್ನು ವಾಪಸು ಕಳಿಸಿದರು. ಮರುದಿನ ಬೆಳಿಗ್ಗೆ ದಿಂಬಿನಿಂದ ತಲೆ ಎದ್ದಿತು. ಮೂರನೆಯ ದಿನ ಮಂಚದ ಅಂಚಿನಲ್ಲಿ ಕೂತು ಹಾಲು ಕುಡಿಯುತ್ತ, ಬ್ಯಾರನ್ನಿನ ಬೆಂಕಿಯನ್ನು ಮೈದುನನ ಕೈಗೆ ಬಿಟ್ಟು ಬಂದದ್ದಕ್ಕಾಗಿ ಆಕೆ ಗಂಡನಿಗೆ ಸಹಸ್ರನಾಮ ನಡೆಸಿದ್ದಳು. "ಸೊಪ್ಪೆಲ್ಲಾ ಕರ್ರಗಾಗೋಗಿರ್ತದೆ ಕಣ್ರೀ! ನನ್ನೇನ್ ಇಲ್ಲಿ ಕಾಯ್ತಾ ಕೂತಿದ್ದೀರಿ?" ಅವನು ತಲೆ ತಗ್ಗಿಸಿ, ಪರಮ ಸುಖದಿಂದ ಕೇಳಿಸಿಕೊಳ್ಳುತ್ತಿದ್ದ.

ಆಕೆಯ ಮುಂದೆಯೂ ತಪ್ಪೊಪ್ಪಿಕೊಳ್ಳುವುದು ನನ್ನ ಧರ್ಮವೆಂದು ತೀರ್ಮಾನಿಸಿ ಹೋಗಿದ್ದೆ. ಮಂಚದ ಪಕ್ಕ ನಿಂತು ಬೆರಳಿನ ಸಂಗತಿ ಪೂರ್ತಿ ಹೇಳಿದೆ. ಆಕೆ ಲೋಟ ಕೆಳಗಿಟ್ಟು ಯೋಚಿಸಿದಳು.

"ನಾಟಿ ಮುಗೀತಾ?"

"ಒಂದು ಮಡಿ ಉಳಿದಿದೆ ಕಣಮ್ಮ. ಈ ಗಲಾಟೇಲಿ ಗೊಬ್ಬರ ಹಾಕೋಕೇ ಆಗಲಿಲ್ಲ."

"ಮೂರ್ ದಿನದಿಂದ ಅಂಗೇ ಬುಟ್ಟಿದ್ದೀರಾ? ಪೈರು ಅಗೆ ಮಡೀಲೇ ಬಲ್ತೋಯ್ತದಲ್ಲಾ! ನಾಳೀಕ್ ಬರ್ಬ್ಯಾಡಿ ಇತ್ಲಾಗಿ. ಅದ್ನ ಮುಗಿಸ್ಕಳಿ. ನನ್ ರಕ್ತ ಎಲ್ಗೂ ಓಗಕಿಲ್ಲ."

ಮರುದಿನಕ್ಕೆ ರಜೆ ಬರೆದೆ. ಕಾರಣವೆಂಬ ಜಾಗದಲ್ಲಿ 'ರೋಗಿಯ ಆದೇಶದ ಮೇರೆಗೆ' ಎಂದು ಗುಂಡಗೆ ಬರೆದು ಡಾಕ್ಟರಮ್ಮನ ಮುಂದಿಟ್ಟೆ. ಅವರು ಎರಡು ಸಲ ಓದಿ ಸಹಿ ಹಾಕಿದರು.