ಗಾಳಿ ತಾಕಬಾರದೆಂದು

"ಬಚ್ಚಲಿಗೆ ಕಿಟಕಿ ಐತೇನಮ್ಮಾ?" ಎಂದು ಕೇಳುತ್ತ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸೊಬ್ಬರು ನಾನು ಆಗಷ್ಟೇ ಆರಿಸಿದ್ದ ಗ್ಯಾಸ್ ಗೀಸರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ನೆಲಮಂಗಲದ ಎಲೆಕ್ಟ್ರಿಕಲ್ ಅಂಗಡಿ ಅದು. ಪೈಪಿನ ಗ್ಯಾಸ್ ನಮ್ಮೂರಿಗೆ ಇನ್ನೂ ಬಂದಿಲ್ಲ, ಬೆಳಗಿನ ಹೊತ್ತು ಕರೆಂಟನ್ನು ನಂಬುವಂತಿಲ್ಲ. ಹೆರಿಗೆಯಾದ ಮಗಳು ಮಗುವಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಸಿಲಿಂಡರಿಗೆ ಜೋಡಿಸುವ ಗೀಸರಾದರೆ ಬೇಕೆಂದಾಗ ಬಿಸಿನೀರು ಸಿಗುತ್ತದೆ ಎಂದುಕೊಂಡಿದ್ದೆ.

"ಇದೆ, ಚಿಕ್ಕದೊಂದು. ಬಾಣಂತಿ ಮಗಳಿಗೆ ಅಂತ ತಗೋತಿದೀನಿ" ಎಂದೆ.

ಅವರು ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ. "ನನ್ನ ಮಗ್ಳೂ ಬಾಣಂತೀನೇ ಆಗಿದ್ಲು ಕಣಮ್ಮಾ. ತಣ್ಣನೆ ಗಾಳಿ ತಾಕ್ಬಾರ್ದು ಅಂತ ನಾನೇ ಕಿಟಕಿಗೆ ಹಳೇ ಸೀರೆ ತುರುಕಿದ್ದೆ. ಒಳಗೆ ಇಂಥದೇ ಗೀಸರ್ ಉರೀತಿತ್ತು. ಅದ್ರ ಹೊಗೆ ಆಚೆ ಹೋಗ್ದೆ ವಿಷ ಆಗ್ಬಿಡ್ತಂತೆ. ನೀರು ಸುರಿಯೋ ಸದ್ದು ಕೇಳ್ತಾನೇ ಇತ್ತು. ಸ್ನಾನ ಮಾಡ್ತಾವ್ಳೆ ಅಂದ್ಕೊಂಡು ಮಗೂನ ತೂಗ್ತಾ ಕೂತಿದ್ದೆ."

ಅಂಗಡಿಯವರು ಕೊಟ್ಟ ಬಲ್ಬನ್ನು ಸೆರಗಿನಲ್ಲಿ ಹಿಡಿದುಕೊಂಡು ಅವರು ಹೊರಟುಹೋದರು. ನಾನು ಗೀಸರ್ ಕೊಳ್ಳದೆ ಬಸ್ಸು ಹತ್ತಿದೆ.

ಮನೆಗೆ ಬಂದವಳು ನೇರ ಬಚ್ಚಲಿಗೆ ಹೋದೆ. ಮಗಳು ಬರುತ್ತಾಳೆಂದು ಹಿಂದಿನ ದಿನವೇ ನಾನು ಕಿಟಕಿಗೆ ಸಿಕ್ಕಿಸಿದ್ದ ಹಳೆಯ ಸೀರೆ ಅಲ್ಲೇ ಇತ್ತು. ಎಳೆದರೆ ಬರಲಿಲ್ಲ. ಅಷ್ಟು ಬಿಗಿಯಾಗಿ ತುರುಕಿದ್ದೆ.